ಹೊರೇಸ್ ಟಿಮ್ಮಿನ್ಸ್ ಸೋಲೋ ಅಳೆದ ಪ್ರಸಂಗ

ಪೈ ಬಂದರೆ ಪೈ ಬಂತು ಎಂದು ಸಾರಲೇಬೇಕು. ಸರಪಳಿ ಮಾಡುವ ಊರಾದ ಕ್ರಾಡ್ಲಿ ಹೀತ್‌ನ ಬುಲ್ ಲೇನ್ ಕಾರ್ಮಿಕರ ಕ್ಲಬ್ಬಿನಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇನ್ನೊಂದಿಲ್ಲ. ವೇದಿಕೆಯ ಮೇಲೆ ಜಾದೂಗಾರ ಹೆಂಗಸೊಬ್ಬಳನ್ನು ಎರಡು ತುಂಡಾಗಿ ಕೊಯ್ದಿಟ್ಟಿರಲಿ, ಹಂದಿಮಾಂಸ ತುಂಬಿದ ಕಡುಬಿನಂಥ ಬಿಸಿ ಪೈಗಳ ತಟ್ಟೆ ಹಿಂಬಾಗಿಲಲ್ಲಿ ಕಂಡ ಕೂಡಲೇ ಮನರಂಜನೆಯ ಕಾರ್ಯದರ್ಶಿಯಾದವನು ಗಂಟೆ ಬಾರಿಸಿ ಕೂಗಬೇಕು. ಕೊಯ್ದ ಹೆಂಗಸು ಕಾಯುತ್ತಾಳೆ, ಪೈ ಕಾಯುವುದಿಲ್ಲ. ಇದಕ್ಕೆ ಒಂದೇ ಒಂದು ವಿನಾಯಿತಿ: ಹಾಡಿನ ನಡುವೆ ಬಾರಿಸಬಾರದು. ಹಾಡು ಮುಗಿದು ಇನ್ನೊಂದು ಹಾಡು ಶುರುವಾಗುವ ಸಂದಿನಲ್ಲಿ ಬಾರಿಸಬೇಕು.

ಸಾವಿರದ ಒಂಬೈನೂರ ಎಪ್ಪತ್ತೈದನೇ ಇಸವಿಯ ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಆ ಸಂದು ಯಾವುದೆಂದು ಹೊರೇಸ್ ಟಿಮ್ಮಿನ್ಸ್‌ಗೆ ತಿಳಿಯಲಿಲ್ಲ. ಅನಾಹುತವೆಲ್ಲ ಶುರುವಾದದ್ದು ಅಲ್ಲಿಂದ.

ಹೊರೇಸ್ ಕಾರ್ಯದರ್ಶಿಯಾಗಿ ಮೂರು ವಾರವಾಗಿತ್ತು. ವಾರದ ದಿನಗಳಲ್ಲಿ ಅವನು ಪಾರ್ಗೆಟರ್ ಸರಪಳಿ ಕಾರ್ಖಾನೆಯಲ್ಲಿ ಎರಡು ಟನ್ ತೂಕದ ಯಂತ್ರಸುತ್ತಿಗೆ ಓಡಿಸುತ್ತಿದ್ದ. ಸುತ್ತಿಗೆ ಶೆಡ್ಡಿನ ಅರವತ್ತೆರಡು ಜನಕ್ಕೆ ಅವನೇ ಕಾರ್ಮಿಕ ಸಂಘದ ಪ್ರತಿನಿಧಿ. ಅದಕ್ಕೊಂದು ಹಿತ್ತಾಳೆಯ ಬಿಲ್ಲೆ ಇತ್ತು, ಅದನ್ನವನು ಪೈಜಾಮಕ್ಕೂ ಚುಚ್ಚಿಕೊಳ್ಳುತ್ತಾನೆಂದು ಹೆಂಡತಿ ಬೆರಿಲ್ ಊರಿಗೆಲ್ಲ ಹೇಳಿದ್ದಳು. ಮೂವತ್ತು ವರ್ಷ ಆ ಸುತ್ತಿಗೆಯ ಪಕ್ಕ ನಿಂತ ಕಿವಿಗೆ ಸಂಗೀತವೆಂದರೆ ಪಕ್ಕದ ಬೀದಿಯಲ್ಲಿ ಯಾರೋ ಪಾತ್ರೆ ಬೀಳಿಸಿದ ಹಾಗೆ. ಆದರೆ ಕಾರ್ಯದರ್ಶಿ ಪದವಿಗೆ ಕಿವಿ ಬೇಕೆಂದು ಕ್ಲಬ್ಬಿನ ನಿಯಮಾವಳಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ಆ ಭಾನುವಾರ ನುಡಿಸಿದ್ದು ಗ್ಲೆನಿಸ್ ಫೆರೆಡೇಯ ರಾಕ್ ಬ್ಯಾಂಡು. ಗ್ಲೆನಿಸ್ ಅದೇ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಮಾಡುವ ಹುಡುಗಿ. ಇಪ್ಪತ್ನಾಲ್ಕು ವಯಸ್ಸು, ಮೊಣಕೈವರೆಗೂ ಸುಟ್ಟ ಕಲೆ. ಹಾಡುವವನು ಎರಡು ಚರಣ ಹಾಡಿ ಹಿಂದೆ ಸರಿದ. ಒಬ್ಬಳೇ ನುಡಿಸುವ ಸೋಲೋಗೆಂದು ಗ್ಲೆನಿಸ್ ಮುಂದೆ ಬಂದು ಗಿಟಾರಿನ ತಂತಿಯೊಂದನ್ನು ಮೀಟಿದಳು. ಮೀಟಿ, ಆ ಸ್ವರದ ಕುತ್ತಿಗೆ ಹಿಡಿದು ಮೇಲಕ್ಕೆ ಬಾಗಿಸಿ, ಅಲ್ಲೇ ನಡುಗಿಸುತ್ತ ನಿಲ್ಲಿಸಿದಳು. ಆಮೇಲೆ ಇನ್ನೊಂದು. ಜನ ಗ್ಲಾಸು ಕೆಳಗಿಡುವುದನ್ನು ಮರೆತರು. ಒಂಬತ್ತನೆಯ ಸ್ವರ ಹೊಡೆದು, ಅದು ಕರಗುವ ತನಕ ಕಾದು, ಬಲಗೈ ಮೇಲಕ್ಕೆತ್ತಿ ಸುಮ್ಮನೆ ನಿಂತುಬಿಟ್ಟಳು. ಸಭಾಂಗಣಕ್ಕೆ ಸಭಾಂಗಣವೇ ಉಸಿರು ಕಟ್ಟಿತು.

ಮೂಲೆಯ ಕಾರ್ಯದರ್ಶಿ ಗೂಡಿನಲ್ಲಿ ಪೈ ತಟ್ಟೆ ನೋಡುತ್ತ ಕಾದಿದ್ದ ಹೊರೇಸ್ ಒಳ್ಳೆಯ ಸಂದು ಸಿಕ್ಕಿತೆಂದು ಗಂಟೆ ಬಾರಿಸಿದ.

"ಪೈ ಬಂದಿದೆ! ಬಟಾಣಿನೂ ಇದೆ!"

ಗ್ಲೆನಿಸ್‌ಳ ಕೈ ಮೇಲೇ ಉಳಿಯಿತು. ಅವಳು ಹೊರೇಸ್‌ನನ್ನು ನೋಡಿದಳು, ಪೈ ತಟ್ಟೆಯನ್ನು ನೋಡಿದಳು, ಗಿಟಾರಿನ ವಯರು ಕಿತ್ತು ಕೆಳಗಿಳಿದುಹೋದಳು. ಮುಂದಿನ ಸಾಲಿನಿಂದ ಅವಳ ಅಜ್ಜಿ ಅಡಾ ಎದ್ದು ನಿಂತಳು. ಹತ್ತನೇ ಇಸವಿಯಲ್ಲಿ ಸರಪಳಿ ಹೊಡೆಯುವ ಹೆಂಗಸರು ಹತ್ತು ವಾರ ಮುಷ್ಕರ ಹೂಡಿದಾಗ ಹದಿನೇಳರ ಹರೆಯದಲ್ಲಿ ಬೀದಿಯಲ್ಲಿ ನಿಂತವಳು. ಎಂಬತ್ತೆರಡಾದರೂ ಗಂಟಲು ಮಾತ್ರ ಅದೇ.

"ಲೋ ಹೊರೇಸ್, ಹೆರಿಗೆ ಕೋಣೆಗೆ ಹೋದ್ರೂ ಗಂಟೆ ಹೊಡೀತೀಯೇನೋ, ಅರ್ಧ ಹೊರಗೆ ಬಂದಿರೋವಾಗ?"

ಸಭಾಂಗಣ ಗೊಳ್ಳೆಂದು ನಕ್ಕಿತು. ಕ್ಲಬ್ಬಿನ ಅಧ್ಯಕ್ಷ ಸಿರಿಲ್ ಬ್ಲೂಮರ್ ಮಾತ್ರ ನಗಲಿಲ್ಲ. ಕಟ್ಟಿಸಿದ ಹಲ್ಲುಗಳನ್ನು ಒಮ್ಮೆ ಸರಿಮಾಡಿಕೊಂಡು ಬಾರಿನ ಬಳಿ ಹೊರೇಸ್‌ನನ್ನು ಅಡ್ಡಗಟ್ಟಿದ.

"ಏನಯ್ಯಾ ಇದು, ಹಾಡಿನ ಮಧ್ಯ ಹೊಡೆದುಬಿಟ್ಟೆಯಲ್ಲ?"

ಗೊತ್ತಾಗಲಿಲ್ಲ, ತಪ್ಪಾಯ್ತು ಎಂದರೆ ಸಾಕಿತ್ತು. ಎರಡೇ ಪದ. ಬಾಯಿಗೆ ಏನೂ ಭಾರವಿಲ್ಲ. ಆದರೆ ಅರವತ್ತೆರಡು ಜನರ ಪ್ರತಿನಿಧಿಯಾದವನು, ಬಿಲ್ಲೆ ಚುಚ್ಚಿಕೊಂಡವನು, ಪೈ ಸಾಲಿನಲ್ಲಿ ನಿಂತ ನಲವತ್ತು ಜನರ ಮುಂದೆ ಗೊತ್ತಾಗಲಿಲ್ಲ ಎನ್ನುವುದುಂಟೆ?

"ಬೇಕಂತಲೇ ಹೊಡೆದೆ" ಎಂದ ಹೊರೇಸ್.

"ಬೇಕಂತ?"

"ಅದೂ ಒಂದು ಸೋಲೋನಾ? ನಾನು ಎಣಿಸ್ತಾ ಕೂತಿದ್ದೆ ಸಿರಿಲ್. ಒಂಬತ್ತು ಸ್ವರ. ಎರಡು ನಿಮಿಷಕ್ಕೆ ಒಂಬತ್ತೇ ಒಂಬತ್ತು! ಗಿಟಾರಿಗೆ ಆರು ತಂತಿ ಇದಾವೆ. ತಂತಿಗೆ ಒಂದೂವರೆ ಬಿತ್ತು. ಆಮೇಲೆ ಕೈ ಎತ್ಕೊಂಡು ನಿಂತಳು, ಬಸ್ಸು ಕಾಯೋಳ ಥರ. ಅದನ್ನ ಕೆಲಸ ಅಂತೀಯಾ?"

ಸಾಲಿನಲ್ಲಿದ್ದವರು ನಗುವುದನ್ನು ನಿಲ್ಲಿಸಿದರು. ಹುಟ್ಟಿದಾಗಿನಿಂದ ಎಲ್ಲರೂ ಕೊಂಡಿಗಿಷ್ಟು, ಮೊಳೆಗಿಷ್ಟು ಎಂದು ಕೂಲಿ ಪಡೆದವರು. ಮನುಷ್ಯನನ್ನು ಮೂವತ್ತು ವರ್ಷ ಎಣಿಸಿ ಎಣಿಸಿ ಇಟ್ಟರೆ, ಎಣಿಸುವುದೇ ನ್ಯಾಯ ಎಂದು ಅವನೂ ನಂಬಿಬಿಡುತ್ತಾನೆ. ಧಣಿಗಳಿಗೆ ಇದಕ್ಕಿಂತ ದೊಡ್ಡ ಲಾಭ ಯಾವ ಗಣಿಯಲ್ಲೂ ಸಿಕ್ಕಿಲ್ಲ.

"ಒಂಬತ್ತೇನಾ?" ಎಂದ ಒಬ್ಬ.

"ನಾನು ಕೆಮ್ಮಿದ್ರೂ ಅದಕ್ಕಿಂತ ಜಾಸ್ತಿ ಬರುತ್ತೆ" ಎಂದ ಇನ್ನೊಬ್ಬ.

ಸಿರಿಲ್ ಬ್ಲೂಮರ್ ಯೋಚಿಸಿದ. ಸೋಲೋ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲಾಗದೆ ಕ್ಲಬ್ಬಿನ ಸಮಿತಿ ನಾಲ್ಕು ಸಲ ಜಗಳವಾಡಿತ್ತು, ಒಮ್ಮೆ ಕುರ್ಚಿಯೂ ಮುರಿದಿತ್ತು. ಇಲ್ಲಿ ನೋಡಿದರೆ ವಿಷಯ ಇಷ್ಟು ಸುಲಭ. "ಹೊರೇಸ್, ನೀನು ಇಷ್ಟು ಬುದ್ಧಿವಂತ ಅಂತ ನನಗೆ ಗೊತ್ತಿರಲಿಲ್ಲ" ಎಂದ. ಹೊರೇಸ್‌ಗೂ ಗೊತ್ತಿರಲಿಲ್ಲ. ಆ ಕ್ಷಣದಿಂದ ಗೊತ್ತಾಯಿತು.

ಮುಂದಿನ ಭಾನುವಾರ ಅವನು ಶಸ್ತ್ರಸಜ್ಜಿತನಾಗಿ ಬಂದ. ಪಾರಿವಾಳದ ಪಂದ್ಯ ಆಡಿಸುವ ಪಕ್ಕದ ಮನೆಯ ವಿಲ್ಫ್‌ನಿಂದ ಸ್ಟಾಪ್‌ವಾಚು. ಫುಟ್‌ಬಾಲ್ ಮೈದಾನದ ಬಾಗಿಲಲ್ಲಿ ಜನರನ್ನು ಎಣಿಸುತ್ತಾರಲ್ಲ, ಅಂಥ ಗುಂಡಿ ಒತ್ತುವ ಯಂತ್ರ ಒಂದು. ಪಕ್ಕದಲ್ಲಿ ಕರಿಹಲಗೆ, ಸೀಮೆಸುಣ್ಣ.

ಅವತ್ತು ನುಡಿಸಿದವನು ರಾಡ್ನಿ ಪೆಲ್. ಹಸಿರು ಮಖಮಲ್ಲಿನ ಪ್ಯಾಂಟು ಎಷ್ಟು ಬಿಗಿಯೆಂದರೆ ಉಸಿರಾಡಲು ಅರ್ಜಿ ಹಾಕಿಕೊಳ್ಳಬೇಕು. ಸೋಲೋ ಬಂದದ್ದೇ ಅವನ ಬೆರಳು ಗಿಟಾರಿನ ಕುತ್ತಿಗೆಯ ಮೇಲೆ ಇಲಿ ಅಟ್ಟಿಸಿಕೊಂಡು ಹೋದ ಬೆಕ್ಕಿನಂತೆ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಗಿಟಾರನ್ನು ಬೆನ್ನ ಹಿಂದೆ ಹಿಡಿದು ನುಡಿಸಿದ. ಹಲ್ಲಿನಿಂದ ನುಡಿಸಿದ. ಹಾಡು ಯಾವುದಿತ್ತೆಂದು ಡ್ರಮ್ಮಿನವನಿಗೂ ಮರೆತುಹೋಯಿತು. ಹೊರೇಸ್‌ನ ಹೆಬ್ಬೆರಳು ಊದಿಕೊಂಡಿತು.

"ಮೂರು ನಿಮಿಷಕ್ಕೆ ಸಾವಿರದ ನೂರ ನಲವತ್ತು!" ಎಂದು ಅವನು ಹಲಗೆಯ ಮೇಲೆ ಬರೆದಾಗ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೋಲೋಗಲ್ಲ, ಸಂಖ್ಯೆಗೆ. ಗ್ಲೆನಿಸ್‌ಳ ಹೆಸರಿನ ಮುಂದೆ ಒಂಬತ್ತು ಎಂದು ಬರೆದು ಕೆಳಗೆ ಗೆರೆ ಎಳೆದರು.

ಸುದ್ದಿ ಊರು ತುಂಬಿತು. ಬೆರಿಲ್‌ಳ ತಂಗಿ ವಾಲ್ಸಾಲ್‌ನಿಂದ ಫೋನು ಮಾಡಿ, ತಮ್ಮ ಚರ್ಚಿನ ಆರ್ಗನ್ನಿನವನು ನಿಧಾನ, ಒಂದು ಸಲ ಬಂದು ಅಳೆದು ಹೋಗಲಿ ಎಂದಳು. ಎದುರುಮನೆಯ ಮಿಸೆಸ್ ವಿಲೆಟ್ಸ್ ಗಂಡನ ಗೊರಕೆಯನ್ನು ಅಳೆಸಬೇಕೆಂದು ಬಾಗಿಲು ತಟ್ಟಿದಳು. ಕೋರ್ಟಿಗೆ ಬೇಕಂತೆ. ಸ್ಥಳೀಯ ಪತ್ರಿಕೆಯವನು ಬಂದು, ಹೊರೇಸ್ ಸ್ಟಾಪ್‌ವಾಚು ಹಿಡಿದು ದಿಗಂತ ನೋಡುತ್ತಿರುವ ಫೋಟೋ ತೆಗೆದ. "ಕಲೆಯನ್ನು ಅಳೆದ ಕಾರ್ಮಿಕ" ಎಂದು ಶೀರ್ಷಿಕೆ. ಕೆಳಗೆ ಹೊರೇಸ್‌ನ ಹೇಳಿಕೆ: "ಯಾವ ಕುಶಲ ಕೆಲಸವೇ ಆಗಲಿ, ಗಡಿಯಾರ ಸುಳ್ಳು ಹೇಳುವುದಿಲ್ಲ."

ಬೆರಿಲ್ ಅದನ್ನು ಓದಿ ಕನ್ನಡಕ ತೆಗೆದಳು.

"ನಮ್ಮ ಮದುವೇಲಿ ಪಾದ್ರಿ ಕೇಳಿದಾಗ ನೀನು 'ಹೂಂ' ಅಂದೆ. ಒಂದೇ ಸ್ವರ. ಅದೂ ಅವರು ಎರಡು ಸಲ ಕೇಳಿದ ಮೇಲೆ. ಅದನ್ನೂ ಹಲಗೆ ಮೇಲೆ ಬರಿ, ನೋಡೋಣ."

"ನಿನಗೆ ವಿಜ್ಞಾನ ಅರ್ಥ ಆಗಲ್ಲ ಬೆರಿಲ್."

"ವಿಜ್ಞಾನ ಆಗಲ್ಲ ನಿಜ. ಗ್ರಹಚಾರ ಚೆನ್ನಾಗಿ ಅರ್ಥ ಆಗುತ್ತೆ."

ಗ್ರಹಚಾರ ಗುರುವಾರ ಬೆಳಿಗ್ಗೆ ಏಳೂವರೆಗೆ, ಕಾರ್ಖಾನೆಯ ನೋಟಿಸು ಹಲಗೆಯ ಮೇಲೆ, ಬೆರಳಚ್ಚಾಗಿ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಪಾರ್ಗೆಟರ್ ಕಾರ್ಖಾನೆಯಲ್ಲಿ ಲ್ಯಾಥ್‌ಬರಿ ಎಂಬ ಬಿಳಿಕೋಟಿನ ಮನುಷ್ಯನಿದ್ದ. ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು. ಕೆಲಸಗಾರನ ಹಿಂದೆ ನಿಂತು, ಅವನು ಎಷ್ಟು ಹೊತ್ತು ಹೊಡೆದ, ಎಷ್ಟು ಹೊತ್ತು ಮೂಗು ಒರೆಸಿದ ಎಂದು ಬರೆದುಕೊಂಡು, ಮಾರನೆಯ ತಿಂಗಳು ಅದೇ ಕೂಲಿಗೆ ಹೆಚ್ಚು ಕೆಲಸ ಕೇಳುವುದು ಅವನ ಉದ್ಯೋಗ. ಬೇರೆ ಶೆಡ್ಡುಗಳೆಲ್ಲ ಅವನಿಗೆ ಶರಣಾಗಿದ್ದವು. ಸುತ್ತಿಗೆ ಶೆಡ್ಡು ಮಾತ್ರ ಆಗಿರಲಿಲ್ಲ. ಮೂರು ವರ್ಷದ ಹಿಂದೆ ಹೊರೇಸ್‌ನೇ ನೆಲದ ಮೇಲೆ ಹಳದಿ ಬಣ್ಣದ ಗೆರೆ ಬಳಿದು, "ಗಡಿಯಾರ ಇದನ್ನ ದಾಟಿದ ದಿನ ಸುತ್ತಿಗೆ ನಿಲ್ಲುತ್ತೆ" ಎಂದಿದ್ದ. ಆ ಗೆರೆಗಾಗಿಯೇ ಅವನಿಗೆ ಬಿಲ್ಲೆ ಸಿಕ್ಕಿದ್ದು.

ನೋಟಿಸು ಹೀಗಿತ್ತು: "ಸುತ್ತಿಗೆ ಶೆಡ್ಡಿನ ಪ್ರತಿನಿಧಿ ಶ್ರೀ ಎಚ್. ಟಿಮ್ಮಿನ್ಸ್ ಅವರು ಕುಶಲ ಕೆಲಸವನ್ನು ಸ್ಟಾಪ್‌ವಾಚಿನಿಂದ ಅಳೆಯುವುದು ನ್ಯಾಯವೂ ವೈಜ್ಞಾನಿಕವೂ ಆದುದೆಂದು ಸಾರ್ವಜನಿಕವಾಗಿ ತೋರಿಸಿಕೊಟ್ಟಿರುವುದನ್ನು ಆಡಳಿತವು ಹರ್ಷದಿಂದ ಗಮನಿಸಿದೆ. ಬರುವ ಸೋಮವಾರದಿಂದ ಸದರಿ ಶೆಡ್ಡಿನಲ್ಲಿಯೂ ಅದೇ ಕ್ರಮ ಜಾರಿಗೆ ಬರಲಿದೆ." ಪಕ್ಕದಲ್ಲಿ ಪತ್ರಿಕೆಯ ತುಣುಕು, ದಿಗಂತ ನೋಡುತ್ತಿರುವ ಹೊರೇಸ್.

ಅರವತ್ತೊಂದು ಜನ ಅವನ ಸುತ್ತ ನಿಂತರು. ಮುಂದೆ ಜೋಬ್ ಹ್ಯಾಕೆಟ್. ಅದೇ ಸುತ್ತಿಗೆಯ ಕೆಳಗೆ ಇಕ್ಕಳ ಹಿಡಿಯುವವನು, ಹತ್ತೊಂಬತ್ತು ವರ್ಷ ಹೊರೇಸ್‌ನ ಕೈಗೆ ತನ್ನ ಬೆರಳುಗಳನ್ನು ನಂಬಿ ಕೊಟ್ಟವನು.

"ಬನ್ನಿ ವಿಜ್ಞಾನಿಗಳೇ" ಎಂದ ಜೋಬ್. "ನನ್ನದು ನಿಮಿಷಕ್ಕೆ ಎಷ್ಟು ಸ್ವರ ಅಂತ ಹೇಳಿ, ಮನೆಗೆ ಹೋಗಿ ಹೆಂಡತಿಗೆ ಹೇಳ್ಬೇಕು."

"ಜೋಬ್, ಅದು ಗಿಟಾರು ಕಣೋ. ಇದು ಸುತ್ತಿಗೆ."

"ಯಾವ ಕುಶಲ ಕೆಲಸವೇ ಆಗಲಿ ಅಂದಿದ್ದೀಯ. ಇಲ್ಲಿದೆ ನೋಡು, ಅಚ್ಚಾಗಿದೆ. ಅಕ್ಷರ ನನಗೂ ಬರುತ್ತೆ."

"ಮಂಗಳವಾರ ಸಭೆ ಕರೀರಿ" ಎಂದು ಹಿಂದಿನಿಂದ ಯಾರೋ ಕೂಗಿದರು. "ಬಿಲ್ಲೆ ಬಿಚ್ಚಿಸೋಣ."

ಹಳದಿ ಗೆರೆಯ ಆಚೆ ಬದಿಯಲ್ಲಿ, ಬೂಟಿನ ತುದಿ ಗೆರೆಗೆ ಸರಿಯಾಗಿ ಮುಟ್ಟುವಂತೆ ನಿಂತು, ಲ್ಯಾಥ್‌ಬರಿ ಮುಗುಳ್ನಗುತ್ತಿದ್ದ. ಹೊರೇಸ್‌ಗೆ ತಲೆ ಕೆಟ್ಟಿತು. ತಲೆ ಕೆಟ್ಟಾಗ ಅವನ ಬಾಯಿ ತಲೆಯನ್ನು ಕೇಳುವುದಿಲ್ಲ.

"ರೀ ಲ್ಯಾಥ್‌ಬರಿ! ಭಾನುವಾರ ಮಧ್ಯಾಹ್ನ ಕ್ಲಬ್ಬಿಗೆ ಬನ್ನಿ. ಗ್ಲೆನಿಸ್, ರಾಡ್ನಿ ಇಬ್ಬರ ಕೈಲೂ ನುಡಿಸ್ತೀನಿ. ಯಾವುದು ಒಳ್ಳೆ ಸೋಲೋ ಯಾವುದು ಕೆಟ್ಟದ್ದು ಅಂತ ನಿಮ್ಮ ಗಡಿಯಾರ ಹೇಳಲಿ, ನಮ್ಮ ಜನ ಹೇಳಲಿ. ಎರಡೂ ಒಂದೇ ಆದ್ರೆ, ನಾನೇ ನಿಮ್ಮ ಕೈ ಹಿಡಿದು ಈ ಗೆರೆ ದಾಟಿಸ್ತೀನಿ. ಬೇರೆ ಬೇರೆ ಆದ್ರೆ ನೋಟಿಸು ಹರೀಬೇಕು."

"ಟಿಮ್ಮಿನ್ಸ್ ಅವರೇ, ಗಡಿಯಾರ ಹೇಳುತ್ತೆ ಅಂತ ಆಗಲೇ ನೀವೇ ಹೇಳಿದ್ದೀರಲ್ಲ?"

"ನಾನು ಹೇಳಿದ್ದು ಪಾರಿವಾಳದ ಗಡಿಯಾರ!"

ಲ್ಯಾಥ್‌ಬರಿ ಒಪ್ಪಿದ. ಗೆಲ್ಲುವ ಪಂದ್ಯ ಬಿಡಲು ಅವನೇನು ಮಡ್ಡನೇ? ಸಾವಿರದ ನೂರ ನಲವತ್ತಕ್ಕೆ ಊರೇ ಎದ್ದು ನಿಂತದ್ದು ಪತ್ರಿಕೆಯಲ್ಲೇ ಬಂದಿತ್ತು.

ಈಗ ಹೊರೇಸ್‌ಗೆ ಉಳಿದದ್ದು ಒಂದೇ ದಾರಿ. ಶನಿವಾರ ಅವನು ಟೋಪಿ ಕೈಯಲ್ಲಿ ಹಿಡಿದು ಫೆರೆಡೇ ಮನೆಯ ಹಿಂಬಾಗಿಲಿಗೆ ಹೋದ. ಅಡಾ ಅಜ್ಜಿ ಅಡುಗೆಮನೆಯಲ್ಲಿ ಉಪ್ಪಿನಲ್ಲಿಟ್ಟ ಈರುಳ್ಳಿ ತಿನ್ನುತ್ತ ಕೂತಿದ್ದಳು.

"ಗ್ಲೆನಿಸ್, ನಿನ್ನ ಗಂಟೆ ಬಂದಿದೆ ನೋಡೇ" ಎಂದಳು ಅಜ್ಜಿ.

ಗ್ಲೆನಿಸ್ ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಹೊರೇಸ್ ಒಂದೇ ಉಸಿರಿಗೆ ಎಲ್ಲ ಹೇಳಿದ. ಗೆರೆ, ನೋಟಿಸು, ಬಿಲ್ಲೆ, ಜೋಬ್‌ನ ಮುಖ.

"ಹಾಗಾದ್ರೆ ನನ್ನದು ಒಳ್ಳೇದು ಅಂತ ನಾಳೆ ಸಾಬೀತಾಗಬೇಕು, ಅಲ್ವಾ?" ಎಂದಳು ಗ್ಲೆನಿಸ್.

"ಹೌದಮ್ಮ."

"ನಿಮಗೆ ಅನ್ಸುತ್ತಾ, ಒಳ್ಳೇದು ಅಂತ?"

ಹೊರೇಸ್ ಟೋಪಿ ತಿರುಗಿಸಿದ. "ನಿಜ ಹೇಳ್ಲಾ? ನನಗೆ ಏನೂ ಗೊತ್ತಾಗಲ್ಲ. ಅವತ್ತು ಮುಗೀತು ಅನ್ಕೊಂಡೆ, ಹೊಡೆದೆ. ಸಿರಿಲ್ ಕೇಳಿದಾಗ ನಾಚಿಕೆ ಆಯ್ತು, ಎಣಿಸಿದೆ ಅಂದೆ."

ಅಜ್ಜಿಗೆ ಈರುಳ್ಳಿ ನೆತ್ತಿಗೆ ಹತ್ತಿತು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, "ಅರವತ್ತೆರಡು ಜನದ ಅನ್ನ ಇವನ ನಾಚಿಕೆ ಮೇಲೆ ನಿಂತಿದೆ ನೋಡೇ" ಎಂದಳು. "ಕ್ಲಬ್ಬಲ್ಲಿ ನಮಗೆ ಓಟು ಕೊಡಲ್ಲ, ಹೆಂಗಸರಿಗೆ ಬುದ್ಧಿ ಇಲ್ಲ ಅಂತೀರಿ. ಬುದ್ಧಿ ಇರೋರ ಗತಿ ಇದು."

"ಹಾಗಾದ್ರೆ ಒಳ್ಳೇದು ಹೇಗಿರುತ್ತಮ್ಮ?" ಎಂದು ಹೊರೇಸ್ ಗ್ಲೆನಿಸ್‌ಳನ್ನು ಕೇಳಿದ.

"ಹಾಡೋನು ಎಲ್ಲಿ ಮಾತು ಸಾಲದೆ ಬಿಟ್ಟನೋ ಅಲ್ಲಿಂದ ಎತ್ಕೋಬೇಕು. ಎತ್ಕೊಂಡು ಹೋಗಿ, ಮತ್ತೆ ಹಾಡಿನ ಮನೆ ಬಾಗಿಲಿಗೇ ತಂದು ಬಿಡ್ಬೇಕು. ರಾಡ್ನಿ ಎತ್ಕೊಂಡು ಓಡಿಹೋಗ್ತಾನೆ, ಕಳ್ಳನ ಥರ. ಅಷ್ಟೇ. ನಾನು ನುಡಿಸ್ತೀನಿ, ನಿಮಗೋಸ್ಕರ ಅಲ್ಲ, ಗೆರೆಗೋಸ್ಕರ. ಗಂಟೆ ಮುಟ್ಟಿದ್ರೆ ಮಾತ್ರ ಗಿಟಾರಲ್ಲೇ ಹೊಡೀತೀನಿ."

ಭಾನುವಾರ ಕ್ಲಬ್ಬು ಕಿಕ್ಕಿರಿದಿತ್ತು. ಸುತ್ತಿಗೆ ಶೆಡ್ಡಿನವರು ಒಂದು ಕಡೆ ಕೈ ಕಟ್ಟಿ ಕೂತಿದ್ದರು, ನ್ಯಾಯಾಲಯಕ್ಕೆ ಬಂದವರಂತೆ. ಲ್ಯಾಥ್‌ಬರಿ ಬಿಳಿಕೋಟಿಗೆ ಇಸ್ತ್ರಿ ಮಾಡಿಸಿ ತಂದಿದ್ದ, ಜೊತೆಗೆ ಎಣಿಸಲು ಒಬ್ಬ ಗುಮಾಸ್ತನನ್ನೂ ತಂದಿದ್ದ. ಹಲಗೆಯ ಮೇಲೆ ಮೂರು ಅಂಕಣ ಎಳೆದ: ಸ್ವರ, ಕಾಲ, ಖಾಲಿ ಹೊತ್ತು. ಬೆರಿಲ್ ಗೂಡಿನೊಳಗೆ ಗಂಡನ ಪಕ್ಕ ಕುರ್ಚಿ ಹಾಕಿಸಿಕೊಂಡು ಗಂಟೆಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಮೊದಲು ರಾಡ್ನಿ. ಪಂದ್ಯವೆಂದು ತಿಳಿದದ್ದರಿಂದ ಕಳೆದ ಭಾನುವಾರದ ಬೆಕ್ಕಿಗೆ ಇವತ್ತು ಬಾಲಕ್ಕೆ ಬೆಂಕಿ ಬೇರೆ ಹತ್ತಿತ್ತು. ಒಂದನೇ ನಿಮಿಷ ಜನ ಬಾಯಿ ಬಿಟ್ಟು ನೋಡಿದರು. ಎರಡನೇ ನಿಮಿಷ ಬಾಯಿ ಮುಚ್ಚಿದರು. ಮೂರನೇ ನಿಮಿಷದಲ್ಲಿ ಒಬ್ಬ ಎದ್ದು ಶೌಚಕ್ಕೆ ಹೋದ, ಇಬ್ಬರು ಪಾರಿವಾಳಕ್ಕೆ ಬಂದ ಕಾಯಿಲೆಯ ಮಾತು ತೆಗೆದರು, ನಾಲ್ಕು ಜನ ಪೈ ಇನ್ನೂ ಬಂದಿಲ್ಲದಿದ್ದರೂ ಪೈ ಸಾಲಿನಲ್ಲಿ ಹೋಗಿ ನಿಂತರು. ಲ್ಯಾಥ್‌ಬರಿಗೆ ಇದ್ಯಾವುದೂ ಕಾಣಲಿಲ್ಲ, ಅಂಕಣದಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಸಾವಿರದ ಇನ್ನೂರ ಹನ್ನೆರಡು! ಖಾಲಿ ಹೊತ್ತು ಸೊನ್ನೆ!" ಎಂದು ಬರೆದು ತಿರುಗಿದ. ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ಹೊರೇಸ್ ಹೆಂಡತಿಯ ಕಡೆ ವಾಲಿದ.

"ಮುಗೀತು ಬೆರಿಲ್. ನಾಡಿದ್ದು ಬಿಲ್ಲೆ ಹೋಯ್ತು."

"ಬಾಯ್ಮುಚ್ಚು. ಅವಳು ಬರ್ತಿದ್ದಾಳೆ."

ಹಾಡುವವನು ಹಾಡಿದ. ಕೆಲಸ ನಿಂತು ಮುಚ್ಚಿಹೋದ ಗಣಿಯೊಂದರ ಬಗ್ಗೆ ಅವರೇ ಕಟ್ಟಿದ ಹಾಡು. ಎರಡನೇ ಚರಣದ ಕೊನೆಗೆ ಅವನ ಗಂಟಲು ಒಡೆಯಿತು, ಹಿಂದೆ ಸರಿದ. ಗ್ಲೆನಿಸ್ ಆ ಒಡಕಿನಿಂದಲೇ ಸ್ವರ ಎತ್ತಿಕೊಂಡಳು. ಮೀಟಿ, ಬಾಗಿಸಿ, ಮೇಲೆ ಮೇಲೆ ಒಯ್ದಳು.

"ಸಾರ್" ಎಂದ ಗುಮಾಸ್ತ ಪಿಸುದನಿಯಲ್ಲಿ, "ಮೀಟಿದ್ದು ಒಂದು ಸಲ. ಕೇಳಿಸಿದ್ದು ಮೂರು. ಒಂದು ಅಂತ ಒತ್ಲಾ, ಮೂರು ಅಂತ ಒತ್ಲಾ?"

"ಮೀಟಿದ್ದು ಲೆಕ್ಕ."

"ಈಗ ನಡುಗ್ತಾ ಇದೆಯಲ್ಲ ಸಾರ್, ಇದು?"

"ಬಾಯ್ಮುಚ್ಚಿ ಒತ್ತಯ್ಯಾ!"

"ಷ್!" ಎಂದಿತು ಇಡೀ ಸಭಾಂಗಣ. ಪೈ ಸಾಲಿನಲ್ಲಿ ನಿಂತಿದ್ದ ನಾಲ್ವರೂ ಅಲ್ಲೇ ತಿರುಗಿ ನಿಂತಿದ್ದರು. ನಾಲ್ಕು, ಐದು, ಆರು. ಜೋಬ್ ಹ್ಯಾಕೆಟ್‌ನ ಕಟ್ಟಿದ ಕೈ ತಾನಾಗಿ ಬಿಚ್ಚಿತು. ಏಳು, ಎಂಟು. ಒಂಬತ್ತನೆಯದು ಬಹಳ ಹೊತ್ತು ನಿಂತು, ತೆಳ್ಳಗಾಗಿ, ಕರಗಿತು. ಗ್ಲೆನಿಸ್ ಕೈ ಮೇಲೆತ್ತಿದಳು.

ಲ್ಯಾಥ್‌ಬರಿ ಸೀಮೆಸುಣ್ಣ ಹಿಡಿದು ಮೂರನೆಯ ಅಂಕಣದ ಮುಂದೆ ನಿಂತ, ಗಡಿಯಾರ ನೋಡಿದ. ಐದು ಸೆಕೆಂಡು. ಹತ್ತು. ಗಿಟಾರಿನ ಧ್ವನಿಪೆಟ್ಟಿಗೆಯ ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಅದೇ ಹೊತ್ತಿಗೆ ಹಿಂಬಾಗಿಲು ತೆರೆದು, ಹಬೆಯಾಡುವ ಪೈಗಳ ತಟ್ಟೆ ಹೊತ್ತ ಬೇಕರಿಯ ಡೋರೀನ್ ಒಳಗೆ ಬಂದಳು. ಹೊರೇಸ್‌ನ ಕೈ ಹೆಂಡತಿಯ ಮಡಿಲ ಕಡೆಗೆ ಹೊರಟಿತು. ಅವನ ತಪ್ಪಲ್ಲ, ಅದು ಕಾನೂನು. ಬೆರಿಲ್ ಆ ಕೈಯನ್ನು ಹಿಡಿದು ಉಗುರಿಳಿಸಿದಳು. ಹೊರೇಸ್ ಶಬ್ದವಿಲ್ಲದೆ ಕಿರುಚಿದ. ಡೋರೀನ್ ತಟ್ಟೆ ಹೊತ್ತೇ ಕಂಬದಂತೆ ನಿಂತಳು.

ಹದಿನೈದು ಸೆಕೆಂಡು. ಗ್ಲೆನಿಸ್‌ಳ ಕೈ ಇಳಿಯಲಿಲ್ಲ. ಸಿರಿಲ್ ಬ್ಲೂಮರ್‌ನ ಮೇಲ್ಸಾಲಿನ ಹಲ್ಲು ಸಡಿಲಾಗಿ ಕೆಳಸಾಲಿನ ಮೇಲೆ ಬಿತ್ತು, ಎತ್ತಲಿಲ್ಲ. ಹದಿನೆಂಟು. ಲ್ಯಾಥ್‌ಬರಿ ಈಗ ಗಡಿಯಾರ ನೋಡುತ್ತಿರಲಿಲ್ಲ. ಸೀಮೆಸುಣ್ಣ ಅವನ ಬೆರಳಲ್ಲಿ ಎರಡು ತುಂಡಾಯಿತು. ಇಪ್ಪತ್ತು.

"ಹೊಡೀಮ್ಮಾ!" ಎಂದು ಕಿರುಚಿದ ಲ್ಯಾಥ್‌ಬರಿ. "ದೇವರಾಣೆ, ಹೊಡಿ!"

ಗ್ಲೆನಿಸ್ ಹತ್ತನೆಯದನ್ನು ಹೊಡೆದಳು.

ಅದು ದೊಡ್ಡ ಸ್ವರವೂ ಅಲ್ಲ. ಹಾಡು ಶುರುವಾದ ಸ್ವರವೇ. ಆದರೆ ಬಹಳ ದಿನದ ಮೇಲೆ ಮನೆಯ ಬಾಗಿಲು ತೆರೆದ ಹಾಗೆ ಬಂತು. ಹಾಡುವವನು ಒಳಹೊಕ್ಕ, ಡ್ರಮ್ಮು ಹಿಂದೆಯೇ ನುಗ್ಗಿತು, ಮುನ್ನೂರು ಜನ ಒಟ್ಟಿಗೆ ಬಿಟ್ಟ ಉಸಿರಿಗೆ ಪೈಗಳ ಹಬೆ ಪಕ್ಕಕ್ಕೆ ವಾಲಿತು. ಹಾಡು ಮುಗಿದಾಗ ಎದ್ದ ಗದ್ದಲಕ್ಕೆ ಹೊರೇಸ್‌ನ ಅರೆಗಿವುಡು ಕಿವಿಗೂ ನೋವಾಯಿತು. ಜೋಬ್ ಹ್ಯಾಕೆಟ್ ಕುರ್ಚಿಯ ಮೇಲೆ ನಿಂತಿದ್ದ. ಗುಮಾಸ್ತ ಎಣಿಸುವ ಯಂತ್ರವನ್ನು ಎಲ್ಲೋ ಬೀಳಿಸಿಕೊಂಡು ಶಿಳ್ಳೆ ಹಾಕುತ್ತಿದ್ದ.

ಗದ್ದಲ ಇಳಿದ ಮೇಲೆ ಎಲ್ಲರೂ ಹಲಗೆಯ ಕಡೆ ನೋಡಿದರು. ಲ್ಯಾಥ್‌ಬರಿ ಮುರಿದ ಸೀಮೆಸುಣ್ಣ ಹಿಡಿದು ಅಲ್ಲೇ ಇದ್ದ. ಸ್ವರ ಹತ್ತು, ಕಾಲ ಎರಡು ನಿಮಿಷ ಇಪ್ಪತ್ತು ಸೆಕೆಂಡು ಎಂದು ಬರೆದ. ಮೂರನೆಯ ಅಂಕಣದಲ್ಲಿ ಕೈ ನಿಂತಿತು.

"ಬರಿಯಯ್ಯಾ" ಎಂದಳು ಅಡಾ ಅಜ್ಜಿ, ಕೂತಲ್ಲಿಂದಲೇ. "ಇಪ್ಪತ್ತು ಸೆಕೆಂಡು ಖಾಲಿ ಕೂತಿದ್ದೋರು ಯಾರು ಅಂತ ಬರಿ. ಅವಳಾ? ನೀನಾ?"

"ನನ್ನ ಪದ್ಧತಿಯಲ್ಲಿ, ಅಮ್ಮಾ, ಕೈ ಚಲಿಸದ ಹೊತ್ತೆಲ್ಲ..."

"ನಿನ್ನ ಪದ್ಧತಿ ನಾನು ನೋಡಿದ್ದೀನಿ. ನಾನು ಹಿತ್ತಲಲ್ಲಿ ಸರಪಳಿ ಹೊಡೀತಿದ್ದಾಗ ನಿನ್ನಂಥೋನೇ ಒಬ್ಬ ಬಂದಿದ್ದ. ಕಬ್ಬಿಣ ಬೆಂಕಿಯಲ್ಲಿ ಬೆಳ್ಳಗೆ ಬೆವರೋ ತನಕ ಕೈ ಕಟ್ಟಿ ಕಾಯ್ತಿದ್ದೆ. ಸೋಮಾರಿ ಅಂತ ಬರ್ಕೊಂಡ. ಬೇಗ ಹೊಡೀಬಹುದಪ್ಪಾ, ಯಾರು ಬೇಡ ಅಂದ್ರು? ಕೊಂಡಿ ಮೇಲ್ನೋಟಕ್ಕೆ ಕೂಡಿದಂಗೇ ಕಾಣುತ್ತೆ. ಭಾರ ಬಿದ್ದ ದಿನ ಬಾಯಿ ಬಿಡುತ್ತೆ."

ಸುತ್ತಿಗೆ ಶೆಡ್ಡಿನ ಕಡೆಯಿಂದ ಒಂದು ದೀರ್ಘ "ಹೌದು" ಬಂತು. ಅರವತ್ತೊಂದು ಜನ ಒಟ್ಟಿಗೆ ಹೇಳಿದ್ದು. ಜೀವಮಾನವಿಡೀ ಕಬ್ಬಿಣದ ಬಣ್ಣ ನೋಡಿಕೊಂಡು ಕಾದವರು, ಕಾಯುವುದೂ ಕೆಲಸ ಎಂಬುದನ್ನು ಹದಿನೈದು ದಿನದ ಹಿಂದೆ ಪೈ ಸಾಲಿನಲ್ಲಿ ಮರೆತಿದ್ದರು. ಒಬ್ಬೊಬ್ಬರೂ ಪಕ್ಕದವನನ್ನೇ ತಪ್ಪಿತಸ್ಥನೆಂಬಂತೆ ನೋಡಿದರು.

ಲ್ಯಾಥ್‌ಬರಿ ಸೀಮೆಸುಣ್ಣ ಕೆಳಗಿಟ್ಟ. ಕುತ್ತಿಗೆಯಿಂದ ಗಡಿಯಾರ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡ. ಗಡಿಯಾರ ಇನ್ನೂ ಓಡುತ್ತಿತ್ತು, ನಿಲ್ಲಿಸಿರಲಿಲ್ಲ.

"ಪೈ ಬಂದಿದೆ" ಎಂದಳು ಬೆರಿಲ್, ಗಂಟೆ ಬಾರಿಸದೆ.

ಸೋಮವಾರ ಹಳೆಯ ನೋಟಿಸು ಹೋಗಿ ಹೊಸದು ಬಂತು: "ಮತ್ತಷ್ಟು ಆಳವಾದ ಅಧ್ಯಯನದ ಅಗತ್ಯ ಕಂಡುಬಂದಿರುವುದರಿಂದ ಸದರಿ ಕ್ರಮವನ್ನು ಅನಿರ್ದಿಷ್ಟಾವಧಿಗೆ ಮುಂದೂಡಲಾಗಿದೆ." ಸೋತೆವು ಎನ್ನಲು ಆಡಳಿತದವರಿಗೆ ಇಷ್ಟು ಪದ ಬೇಕಾಗುತ್ತದೆ.

ಮಂಗಳವಾರ ಚಹಾದ ವಿರಾಮದಲ್ಲಿ ಸಭೆ ಸೇರಿತು. ಬಿಲ್ಲೆ ಹೊರೇಸ್‌ನಲ್ಲೇ ಇರಲಿ ಎಂದು ಅರವತ್ತೊಂದು ಕೈಗಳು ಮೇಲೆದ್ದವು. ಜೋಬ್‌ನ ಕೈ ಎಲ್ಲರಿಗಿಂತ ಕೊನೆಗೆ ಎದ್ದರೂ ಎದ್ದಿತು. "ಎರಡು ಮಾತಾಡೋ" ಎಂದು ಕೂಗಿದರು. ಹೊರೇಸ್ ಪೆಟ್ಟಿಗೆಯೊಂದರ ಮೇಲೆ ಹತ್ತಿದ. ಎರಡು ರಾತ್ರಿ ನಿದ್ದೆಗೆಟ್ಟು ಅವನು ಭಾನುವಾರದ ಪಾಠವನ್ನು ಅರೆದು ಕುಡಿದಿದ್ದ.

"ಸಂಗಾತಿಗಳೇ" ಎಂದ. ಎಂದು, ನಿಲ್ಲಿಸಿದ. ಬಲಗೈ ಮೇಲೆತ್ತಿದ. ಕಾದ.

ಶೆಡ್ಡು ಕಾಯಿತು. ಐದು ಸೆಕೆಂಡು, ಹತ್ತು, ಇಪ್ಪತ್ತು. ಯಾರೋ ಕೆಮ್ಮಿದರು.

"ಮೈ ಹುಷಾರಾಗಿದೆಯೇನೋ?" ಎಂದ ಜೋಬ್.

ಹೊರೇಸ್ ಕಣ್ಣು ಕಿರಿದುಮಾಡಿ ದಿಗಂತ ನೋಡಿದ. ಒಂದು ನಿಮಿಷವಾಯಿತು. ಒಬ್ಬ ಚಹಾ ಮುಗಿಸಿ ಲೋಟ ಕೊಡವಿದ. ಇಬ್ಬರು ಗಡ್ಡ ಕೆರೆದುಕೊಂಡು ಎದ್ದರು. ಮೂರನೆಯ ನಿಮಿಷಕ್ಕೆ ಸೈರನ್ನು ಕೂಗಿತು, ಎಲ್ಲರೂ ಅವರವರ ಕುಲುಮೆಗೆ ಹೊರಟುಹೋದರು. ಪೆಟ್ಟಿಗೆಯ ಮೇಲೆ ಹೊರೇಸ್ ಒಬ್ಬನೇ, ಎತ್ತಿದ ಕೈ ಎತ್ತಿದ ಹಾಗೆಯೇ.

ಮರಳಿನ ಅಚ್ಚುಗಳ ತಟ್ಟೆ ಹೊತ್ತು ಅದೇ ದಾರಿಯಲ್ಲಿ ಬಂದ ಗ್ಲೆನಿಸ್ ನಿಂತು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊರೇಸ್, ಮೊದಲು ಒಂಬತ್ತು ಹೊಡೀಬೇಕು ಕಣಪ್ಪಾ" ಎಂದಳು. "ಆಮೇಲೆ ಸುಮ್ಮನಾಗೋದು."